ಬಳಪದ ಹಾಜರಿ

ನಾನು ಕೋವಿ ಹಿಡಿದವನಲ್ಲ. ನನ್ನ ಕೈಲಿದ್ದದ್ದು
ಒಂದು ಕಡತ, ಎರಡು ತುಂಡು ಬಳಪ.
ಸುಳ್ಯದಿಂದ ಹೊರಟ ದಂಡಿನ ನಮ್ಮ ಗುಂಪಿಗೆ
ಅಕ್ಷರ ಬಲ್ಲವನು ನಾನೊಬ್ಬನೇ ಆಗಿ
ಹಾಜರಿ ನನ್ನ ಹೆಗಲಿಗೆ ಬಿತ್ತು.

ಸಂಬಳಕ್ಕೆ ಬಂದವರಲ್ಲ ಯಾರೂ.
ಹೆಸರು ಗಟ್ಟಿಯಾಗಿ ಹೇಳುವರು,
ತಂದದ್ದೇನು ಎಂದರೆ ನಾಚುವರು.
ಪೂವಪ್ಪ: ಹಂದಿ ಹೊಡೆಯುವ ಕೋವಿ, ಮದ್ದಿಲ್ಲ.
ತನಿಯ: ಒಂದು ಕತ್ತಿ, ಒಬ್ಬ ತಮ್ಮ.
ಪಾಣೆಮಂಗಳೂರಿನ ಕಡವಿನಲ್ಲಿ ನಮ್ಮನ್ನು ದಾಟಿಸಿ,
ದೋಣಿ ಕಟ್ಟಿ, ಹಿಂದೆಯೇ ನಡೆದು ಬಂದ ಮೊಯ್ದು:
ಹುಟ್ಟು.
"ಅದನ್ನೂ ಬರಿ," ಎಂದ. ಬರೆದೆ.

ಮಂಗಳೂರಿಗೆ ಬಂದಾಗ ಸಾಹೇಬರು ಹಡಗು ಹತ್ತಿಯಾಗಿತ್ತು.
ಕಚೇರಿಯ ಮೇಜಿನ ಮೇಲೆ ಅರ್ಧ ಸುಲಿದ ಕಿತ್ತಳೆ,
ಇರುವೆಗಳ ಸಾಲು ಕಂದಾಯದ ಪುಸ್ತಕ ದಾಟುತ್ತಿತ್ತು.
ಉಪ್ಪಿನ ಉಗ್ರಾಣದ ಬೀಗ ಒಡೆದಾಗ ಕೂಗೆದ್ದೀತೆಂದಿದ್ದೆ,
ಏಳಲಿಲ್ಲ.
ಒಬ್ಬೊಬ್ಬರು ಒಂದೊಂದು ಹರಳು ನಾಲಿಗೆಗಿಟ್ಟು
ಕರಗುವ ತನಕ ಸುಮ್ಮನೆ ನಿಂತರು.

ಹದಿಮೂರು ದಿನ. ಬಿಸು ಅದರೊಳಗೇ ಬಂತು.
ಬಾವುಟಗುಡ್ಡೆಯ ಮೇಲೆ ಕಣಿಗೆ ಕನ್ನಡಿಯಿಲ್ಲ;
ಒಂದು ಸೌತೆ, ಎರಡು ವೀಳ್ಯದೆಲೆ, ನಡುವೆ ನನ್ನ ಕಡತ.
ಕಣ್ಣು ಮುಚ್ಚಿ ಬಂದವರು ತೆರೆದು ಬಗ್ಗಿದರು.
ಓದು ಬಾರದು, ಆದರೂ
"ಇದರಲ್ಲಿ ನಾನೆಲ್ಲಿ?" ಎಂದು
ನನ್ನಿಂದ ಬೆರಳಿಡಿಸಿ ನೋಡಿ ಹೋದರು.

ಆಮೇಲೆ ಕಣ್ಣೂರ ಕಡೆಯಿಂದ ಹಾಯಿ.
ಕಂಪೆನಿಯ ಸಾಲಿನಲ್ಲಿ ಒಬ್ಬ ತುಳುವಿನಲ್ಲಿ ಬೈದು ಗುಂಡು ಹಾರಿಸಿದ,
ಬಿದ್ದವನು ತುಳುವಿನಲ್ಲೇ ನೀರು ಕೇಳಿದ.
ಎಲ್ಲರ ಹಿಂದೆ, ಧೋತರ ಮೊಣಕಾಲಿಗೆತ್ತಿ, ಅಲೆ ದಾಟುತ್ತ
ನನ್ನಣ್ಣ ಶೇಷಯ್ಯ, ಕಂಪೆನಿಯ ಮುನ್ಷಿ,
ನನ್ನ ಬೆರಳು ಹಿಡಿದು ಮರಳಲ್ಲಿ ಮೊದಲಕ್ಷರ ತಿದ್ದಿಸಿದವನು.

ಆ ರಾತ್ರಿ ಕದ್ರಿಯ ಕೆರೆದಂಡೆಯಲ್ಲಿ ಕೂತು
ತೊಂಡೆ ಎಲೆ ಅರೆದು ಒರೆಸಿದೆ.
ಪೂವಪ್ಪ ಹೋದ. ತನಿಯ ಹೋದ.
ಅವನ ತಮ್ಮನ ಹೆಸರು ನಾನು ಕೇಳಿಯೇ ಇರಲಿಲ್ಲ,
"ತಮ್ಮ" ಎಂದಷ್ಟೇ ಇತ್ತು; ಅದೂ ಹೋಯಿತು.
ಹುಟ್ಟಿನ ಬಳಿ ಯಾಕೋ ಕೈ ತಡೆಯಿತು.
ಉಳಿಯಲಿ ಎಂದೇ ಅಳಿಸಿದ್ದು, ದೇವರಾಣೆ.

ಅಣ್ಣ ಕಡತ ಕೇಳಿದ. ಕೊಟ್ಟೆ.
ಮಡಿಕೆ ಮಡಿಕೆಯೂ ಕಪ್ಪು.
ದೀಪದ ಹತ್ತಿರ ಹಿಡಿದ. ಮೆಲ್ಲನೆ ಓರೆ ಮಾಡಿದ.
ನನ್ನ ಕೈಯ ಭಾರ ಅವನಿಗೆ ಗೊತ್ತು:
"ಒತ್ತಿ ಬರೆಯಬೇಡ, ಗಾಯ ಉಳಿಯುತ್ತದೆ," ಎಂದು
ಎಷ್ಟು ಸಲ ಗೆಣ್ಣಿಗೆ ಬಡಿದಿರಲಿಲ್ಲ!
ತುಂಬ ಹೊತ್ತು ನೋಡಿದ.
ಅಲುಗಿದ್ದು ತುಟಿಯೋ, ಸೊಡರೋ.
ಮಡಿಚಿ ಕೊಟ್ಟು, "ಏನೂ ಇಲ್ಲ," ಎಂದ.
"ಊಟ ಆಯಿತಾ?"

ತಿಂಗಳು ಕಳೆಯುವ ಮೊದಲು ಬಿಕರ್ನಕಟ್ಟೆಯಲ್ಲಿ ಹಗ್ಗ ಬಿಗಿದರು.
ಪೂವಪ್ಪನಿದ್ದ. ಮೊಯ್ದು ಇದ್ದ.
ಯಾರು ಹೇಳಿದರೋ. ಊರಿಗೆ ಬಾಯಿ ಸಾವಿರ.
ಮುನ್ಷಿಯ ತಮ್ಮನ ಮೈಮೇಲೆ ಒಂದು ಗೀರೂ ಬೀಳಲಿಲ್ಲ.

ಮೂವತ್ತು ವರ್ಷ ಒಂದೇ ಪಂಕ್ತಿಯಲ್ಲಿ ಉಂಡೆವು.
ಅತ್ತಿಗೆ ಎಲೆಯ ತುದಿಗೆ ಉಪ್ಪು ಬಡಿಸುವಾಗ
ಅವನು ಗೋಡೆ ನೋಡುತ್ತಿದ್ದ, ನಾನು ಎಲೆ.
ನಾನು ಕೇಳಲಿಲ್ಲ. ಅವನೂ ಹೇಳದೆ ಹೋದ.

ಈಗ ಅದೇ ಕಡತದಲ್ಲಿ ಹಾಲಿನ ಲೆಕ್ಕ ಬರೆಯುತ್ತೇನೆ, ಹಗುರವಾಗಿ.
ಸಂಜೆ ಬಿಸಿಲು ಜಗಲಿಗೆ ಓರೆಯಾಗಿ ಬಂದಾಗ
ಮುಕ್ಕಾಲು ಸೇರಿನ ಅಡಿಯಲ್ಲಿ
ಒಂದು ಹುಟ್ಟು ತೇಲುತ್ತದೆ.