ಒಳಗಿರುವವರ ಸಂಖ್ಯೆ

ನಮ್ಮ ಕೋಲ್ಡ್ ಸ್ಟೋರೇಜಿಗೆ ಕಿಟಕಿ ಇಲ್ಲ.
ಹಗಲ ಬೆಳಕಿಗೆ ಇಟ್ಟ ಅಂಕ ಅಷ್ಟೂ
ಮೊದಲನೇ ಹಾಳಿಯಾಗ ಹೋದವು.
ಬೆಳಕು ಬಿದ್ದರ ಮೆಣಸಿನಕಾಯಿ ಬಣ್ಣ ಬಿಡತೈತಿ ತಂಗಿ, ಅಂದೆ.
ಆಫ್ರೀನ್ ನಕ್ಕಳು, ಬರಕೊಂಡಳು: ಸೊನ್ನಿ.

ಹುಬ್ಬಳ್ಳಿಯಿಂದ ಮುಂಜಾನಿ ಬಸ್ಸಿಗೆ ಬ್ಯಾಡಗಿಗೆ ಬಂದಾಕಿ,
ಚೀಲದಾಗ ಮೂರು ಫೈಲು.
ಒಂದರಾಗ ಚಿಕ್ಕಿ ಕೊಡತಾರ, ಒಂದರಿಂದ ಐದರ ತನಕ.
ಇನ್ನೊಂದರಾಗ ಬೆಳ್ಳಿ, ಬಂಗಾರ, ಅದರ ಮ್ಯಾಲೆ ಪ್ಲಾಟಿನಂ,
ಪತ್ತಾರ ಚನ್ನವೀರಪ್ಪನ ಅಂಗಡಿ ದರದ ಹಲಗಿ ಇದ್ದಂಗ.
ಮೂರನೇದರಾಗ ಬಂಗಾರಿಲ್ಲ, ಚಿಕ್ಕಿಲ್ಲ,
ಕರೆಂಟು ಎಷ್ಟು ಉಳಿಸಿದಿ, ನೀರು ಎಷ್ಟು, ಅಷ್ಟ.

ಯಾವುದು ಬೇಕ್ರಿ ಅಕ್ಕಾರ?
ಕೊಚ್ಚಿಯವರು ಯಾವುದಕ್ಕ ಹೂಂ ಅಂತಾರ, ಅದು,
ಅಂದ ಮೈದುನ ಶಿವಯೋಗಿ, ಮೊಬೈಲಿನಿಂದ ಕಣ್ಣು ತೆಗೀದ.
ಅವರ ಪತ್ರ ಬಂದು ತಿಂಗಳಾತು:
ಮುಂದಿನ ಹಂಗಾಮಿಗೆ ಹಸಿರು ಪ್ರಮಾಣಪತ್ರ ಇಲ್ಲದ ಗೋದಾಮಿನಾಗ
ನಮ್ಮ ಮಾಲು ಇಡಂಗಿಲ್ಲ.

ಗ್ವಾಡಿ ತಟ್ಟಿ ತೋರಿಸಿದೆ.
ಎರಡು ಗ್ವಾಡಿ ನಡುವ ಭತ್ತದ ಹೊಟ್ಟು ತುಂಬೇತಿ,
ಮಾವನವರು ಹಾನಗಲ್ಲಿನ ಮಿಲ್ಲಿನಿಂದ ತರಿಸಿದ್ದು.
ಮೂವತ್ತೆಂಟು ವರ್ಷ ತಂಪು ಹಿಡಕೊಂಡು ಕುಂತೈತಿ.
ಭಾಳ ಛಲೋ ಐತ್ರಿ, ಇದಕ್ಕ ಅಂಕ ಬರತಾವ. ಬಿಲ್ ಐತೇನ್ರಿ?
ಹೊಟ್ಟಿಗೆ ಯಾರವ್ವಾ ಬಿಲ್ ಕೊಡತಾರ,
ಬದಲಿಗೆ ಒಂದು ಚೀಲ ಮೆಣಸಿನಕಾಯಿ ಕೊಟ್ಟಿದ್ದರು.
ಪೆನ್ನು ಅಲ್ಲೇ ಒಂದು ಗಳಿಗಿ ನಿಂತು, ದಾಟಿ ಹೋತು.

ಹಮಾಲರ ಸೈಕಲ್ಲು ಬೇವಿನ ಗಿಡಕ್ಕ ಆತು ನಿಂತಿರತಾವ.
ಗಿಡಕ್ಕ ಅಂಕ ಐತಿ, ಸೈಕಲ್ ಸ್ಟ್ಯಾಂಡಿಗೆ ಅಂಕ ಐತಿ,
ಗಿಡಕ್ಕ ಆತ ಸೈಕಲ್ಲಿಗೆ ಇಲ್ಲ.

ಆಮ್ಯಾಲೆ ಬಂತು ಆ ಸಾಲು:
ಒಳಗಿರುವವರ ಸಂಖ್ಯೆ.
ನಾಕು, ಅಂದ ಶಿವಯೋಗಿ. ಆಫೀಸಿನಾಗ ನಾಕ ಕುರ್ಚಿ.
ಅಷ್ಟರಾಗ ಆಫ್ರೀನಗ ಸೀನು ಬಂತು,
ಒಂದಲ್ಲ, ಒಂಬತ್ತು.
ಓಢಣಿ ಮೂಗಿಗೆ ಹಿಡಿದು ಬಾಗಿಲದಾಚೆ ನೋಡಿದಳು.
ತಗಡಿನ ಶೆಡ್ಡಿನಾಗ ನಲವತ್ತೆರಡು ಹೆಂಗಸರು
ಸೆರಗು ಬಿಗಿದು ತೊಟ್ಟು ಮುರೀತಿದ್ದರು,
ಕೆಂಪು ಗುಡ್ಡಿಯೊಳಗ ಬಳಿ ಸಪ್ಪಳ.
ಇವರು?
ಅದು ಬಿಲ್ಡಿಂಗ್ ಅಲ್ರಿ ಮೇಡಂ, ಶೆಡ್ಡು. ಗ್ವಾಡಿನ ಇಲ್ಲ.

ಗ್ವಾಡಿ ಇಲ್ಲದಲ್ಲಿ ಗಾಳಿ ಛಲೋ ಇರತೈತಿ ಅಂತ ನಾನೂ ತಿಳದಿದ್ದೆ,
ಮದವಿಯಾಗಿ ಬಂದ ವರ್ಷ ಅತ್ತಿ ಜೋಡಿ ಅಲ್ಲೇ ಕುಂತು
ಹತ್ತು ದಿನ ತೊಟ್ಟು ಮುರಿದು,
ಹನ್ನೊಂದನೇ ರಾತ್ರಿ
ಕೈ ಬುಟ್ಟಿ ನೀರಿನಾಗ ಇಟಗೊಂಡು ಮಲಗೋ ತನಕ.
ಆಮ್ಯಾಲೆ ನನಗ ಕುರ್ಚಿ ಬಂತು.
ಅವರಿಗೆ ಇನ್ನೆರಡು ತಗಡು.

ಬಂಗಾರದ ಫೈಲಿಗೆ ನಿಮ್ಮ ರೊಕ್ಕ ಸಾಲಂಗಿಲ್ರಿ, ಅಂದಳು ಆಫ್ರೀನ್.
ಮೀಟರಿನ ಫೈಲಿಗೆ ಶೆಡ್ಡು ಕಾಣಂಗಿಲ್ಲ, ಅಲ್ಲಿ ಮೀಟರ ಇಲ್ಲ.
ಚಿಕ್ಕಿ ಫೈಲಿನಾಗ ಶೆಡ್ಡು ಬಿಟ್ಟರ ಮೂರು ಚಿಕ್ಕಿ ಖಾತ್ರಿ.
ಹಿಡಿದರ?
ಬೆರಳು ಮಡಚಿದಳು: ಧೂಳು ಎಳಿಯೋ ಫ್ಯಾನು, ಕುಡಿಯೋ ನೀರು,
ಮೂರು ಸಂಡಾಸ, ತಗಡಿನ ಕಾವು.
ಒಂದು. ಅದೂ ಎರಡು ವರ್ಷಕ್ಕ.

ಶಿವಯೋಗಿ ಮೊಬೈಲು ಕೆಳಗಿಟ್ಟ.
ವೈನಿ, ಒಂದ ಚಿಕ್ಕಿ ಗ್ವಾಡಿಗೆ ಹಾಕಿದರ ಮಂದಿ ನಗತಾರ.
ನಗಲಿ. ಈ ಓಣಿಗೆ ಬಂದವರೆಲ್ಲ ಸೀನಿ ಹೋಗ್ಯಾರ,
ಇಲ್ಲಿ ತನಕ ಯಾರೂ ನಕ್ಕಿಲ್ಲ.

ಅಂದೆನ ಖರೆ. ರಾತ್ರಿ ನಿದ್ದಿ ಬರಲಿಲ್ಲ.
ಕೊಚ್ಚಿಯವರು ಮೋಟೆಬೆನ್ನೂರ ಹಾದಿ ಹಿಡಿಬಹುದು.
ಅಲ್ಲಿ ಹೊಸಾ ಗೋದಾಮು, ಶೆಡ್ಡ ಇಲ್ಲ,
ತೊಟ್ಟು ಮುರಿಯೋ ಕೆಲಸ ಮನಿಮನಿಗೆ ಹಂಚ್ಯಾರ,
ಯಾವ ಹಾಳಿಗೂ ಸಿಗದಂಗ.

ಮರುದಿನ ಆಫ್ರೀನ್ ಟೇಪು ಬಿಚ್ಚಿದಳು.
ಇನ್ನೊಂದು ತುದಿ ಹಿಡಿಯಾಕ ಎದ್ದ
ಕದರಮಂಡಲಗಿ ಫಕ್ಕೀರವ್ವ ಕೈ ಝಾಡಿಸಿ ನಿಂತಳು.
ಖಾರದ ಕೈ ಐತವ್ವಾ, ಮುಟ್ಟಲೇನು?
ಹಿಡಿ ಬೇ.
ನಡಕೊಂತ ಹೋದಳು.
ತಗಡಿನ ನೆರಳು ಮುಗಿದರೂ ಹೆಂಗಸರು ಮುಗಿದಿರಲಿಲ್ಲ,
ನಾಕು ಮಂದಿ ಬಿಸಲಾಗ ಕುಂತಿದ್ದರು.
ಇವರನ್ನ ದಾಟಿ ಹಿಡೀಲೇನವ್ವಾ?
ಟೇಪು ಅಲ್ಲಿಗೆ ತೀರಿತು. ಮೂವತ್ತು ಮೀಟರು.
ಆಫ್ರೀನ್ ಚಪ್ಪಲಿ ತುದಿಯಿಂದ ಧೂಳಿನಾಗ ಗೆರಿ ಎಳದು
ಅಲ್ಲಿಂದ ಮತ್ತ ಸೊನ್ನಿ ಇಟ್ಟಳು.