ಕರಿ ತಟ್ಟೆ

ನಿವೃತ್ತರಾಗುವ ಸಾಹೇಬರಿಗೆ ಕಾಣಿಕೆಯಂತೆ:
ಬಿದರಿ ತಟ್ಟೆ, ನಡುವೆ ಬೆಳ್ಳಿಯ ಹೆಲಿಕಾಪ್ಟರ್.
ಫೋಟೊ ತಂದ ಸಾರ್ಜೆಂಟ್ ಬಿದ್ದಪ್ಪ
ಚಹಾ ಆರುವತನಕ ಹೇಳಿದ:
ಪೈಲಟ್ ಕತ್ತು ಹೊರಳಿಸಿದತ್ತಲೇ
ಅದರ ಬಂದೂಕೂ ಹೊರಳುತ್ತದೆ.

ಅದೇನ್ ಹೊಸಾದಲ್ಲ ಬಿಡ್ರಿ, ಅಂದ ಖುದ್ದೂಸ್ ಉಸ್ತಾದ,
ನನ್ನ ಉಳೀನೂ ಕಣ್ಣು ಹೋದಲ್ಲೇ ಹೋಗ್ತದ.

ಅಮಾವಾಸ್ಯೆಯಲ್ಲೂ ಅದಕ್ಕೆ ಕಾಣುತ್ತದಂತೆ
ಮೈಯ ಬಿಸಿ. ಮಿಕ್ಕದ್ದೆಲ್ಲ ಕಪ್ಪು,
ಮನುಷ್ಯ ಮಾತ್ರ ಬಿಳಿ.

ಉಳಿ ನಿಂತಿತು.

ಆ ರಾತ್ರಿ ಸೆಕೆ. ಮಾಳಿಗೆ ಮೇಲೆ
ಎಲ್ಲರೂ ಸಾಲಾಗಿ ಮಲಗಿದ್ದರು, ಬಾಣಂತಿ ಮಗಳೂ.
ವಿಮಾನದಡ್ಡೆಯ ಕಡೆ ಪಟಪಟ ಸದ್ದು.
ಅವನಿಗೆ ಮೇಲಿನಿಂದ ಕಂಡಿತು:
ಕೋಟೆಯ ಮಣ್ಣು ಹಚ್ಚಿ ಕಪ್ಪಾದ ಊರಲ್ಲಿ
ಇವರಷ್ಟೇ ಬೆಳ್ಳಿ.

ಎದ್ದು ಹೋಗಿ, ಅಷ್ಟು ಸೆಕೆಯಲ್ಲೂ,
ಕೂಸಿನ ಮೇಲೆ ಚಾದರ ಎಳೆದ.