ಉಡದ ಪಟ್ಟು

ಕಾಗದ ಬೆಳ್ಳಗಾಗಲೆಂದು ಹಾಕಿದ್ದು.
ಬೆಳ್ಳನೆ ಕಾಗದ ಲಾರಿ ಹತ್ತಿ ಹೋಯಿತು,
ಇದು ಮಾತ್ರ ನೀರಲ್ಲೇ ಉಳಿಯಿತು,
ಸಿಕ್ಕ ಕಬ್ಬಿಣವನ್ನು ಅವುಚಿಕೊಂಡು.
ಉಡದ ಪಟ್ಟು.

ಫಿನ್ಲೆಂಡಿನ ರಾತ್ರಿ ಪಾಳಿ.
ಇರ್ಮೆಲಿ ಕೆಸರಿನ ತೊಟ್ಟಿಗೆ ಬಗ್ಗಿ ನೋಡುತ್ತಾಳೆ.
ಹೊರಗೆ ಸರೋವರ ಹೆಪ್ಪುಗಟ್ಟಿದೆ,
ಒಳಗೆ ಹನ್ನೊಂದು ವಾರದಿಂದ
ಕಣ್ಣಿಗೆ ಕಾಣದ ಅತಿಥಿಗಳು
ಎಲೆ ಮುಂದೆ ಕೂತೂ ಉಪವಾಸ.
ಕಬ್ಬಿಣದ ಕಡಲೆ ಅಂದರೆ ಇದೇ ಇರಬೇಕು.

ಸುಣ್ಣ ಸುರಿದು ನೋಡು, ಅಂದ ತೈಸ್ತೊ,
ನಿವೃತ್ತಿಗೆ ಆರು ದಿನ ಉಳಿದವನು,
ಮೂಗು ಒರೆಸಿಕೊಳ್ಳುತ್ತ.
ಸುರಿದಳು. ನೀರು ಕ್ಷಾರಕ್ಕೆ ತಿರುಗಿತು.
ಯಾರೂ ಎಳೆಯದೆ, ಯಾರೂ ಬೈಯದೆ
ಹಿಡಿದ ಕೈ ಕಬ್ಬಿಣ ಬಿಟ್ಟು
ಸುಣ್ಣ ಹಿಡಿಯಿತು.
ಕಬ್ಬಿಣ ತುಕ್ಕಾಗಿ ತಳಕ್ಕೆ ಕೂತಿತು.
ಆಮೇಲೆ ಪಂಕ್ತಿಯಲ್ಲಿ
ಸದ್ದಿಲ್ಲದ ಊಟ,
ನಿಧಾನ, ವಾರಗಟ್ಟಲೆ.

ಮಾಪಕದ ಗೆರೆ ಇಳಿದ ದಿನ
ಹೇಳೋಣವೆಂದರೆ ತೈಸ್ತೊ ಇಲ್ಲ.
ಅವನ ಲೋಟ ಇನ್ನೂ ಸಿಂಕಿನಲ್ಲಿ,
ತಳದಲ್ಲಿ ಕಾಫಿಯ ಕರೆ.
ತೊಳೆಯಲೆಂದು ಎತ್ತಿಕೊಂಡಳು ಇರ್ಮೆಲಿ.

ಸ್ವಲ್ಪ ಹೊತ್ತು
ಬಿಡಲಿಲ್ಲ.